ಹಡಗು ಬಾರದ ಮೂರು ದಿನ

ಅಡುಗೆಮನೆಯ ಮೇಜಿನ ಮೇಲೆ ಕತ್ತರಿ, ಗೋಂದು,
ಎರಡೂ ಬದಿ ಅಂಟುವ ಟೇಪು,
ಮತ್ತೆ ಆ ಬಿಸ್ಕತ್ತಿನ ಡಬ್ಬಿ.
ಟೈರೀ ದ್ವೀಪದಿಂದ ತಂದದ್ದೆಲ್ಲ ಅದರೊಳಗೆ.

ಮೊದಲ ನಾಲ್ಕು ಪುಟ ಸಲೀಸು.
ಓಬನ್ ಬಂದರು, ಹಡಗಿನ ಕಟಕಟೆಗೆ ಒರಗಿದ ಏಲಿ,
ಅವಳ ಚಿಪ್ಸ್ ಕದ್ದ ಕಡಲಹಕ್ಕಿಯ ಬಾಲ ಮಾತ್ರ,
ರೊಟ್ಟಿ ತಟ್ಟಿ ನೀರಿನ ಮೇಲೆ ಬಿಟ್ಟಂಥ
ಮರವಿಲ್ಲದ ಚಪ್ಪಟೆ ನೆಲ.
ದನಿಗೊಡುವ ಬಂಡೆಯ ಮುಂದೆ
ಕಲ್ಲು ಹಿಡಿದು ಕೈ ಎತ್ತಿದ ಗಿಲ್ಬರ್ಟ್.
ಆ ಸದ್ದನ್ನು ಅಂಟಿಸುವುದು ಹೇಗೆ?
ಪಕ್ಕದಲ್ಲಿ ‘ಠಣ್’ ಎಂದು ಬರೆದೆ. ಏಲಿ ಹೊಡೆದುಹಾಕಿದಳು:
ಠಣ್ ಅಲ್ಲ ಚಿಕ್ಕಜ್ಜಿ, ಟಿಣ್ಣ್,
ತಟ್ಟೆ ಬಿದ್ದು ಇನ್ನೂ ತಿರುಗುತ್ತಿರೋ ಹಾಗೆ.

ಐದನೇ ಪುಟಕ್ಕೆ ಫೋಟೋ ಇಲ್ಲ.
ಹೊರಡುವ ದಿನ ಗಾಳಿ ಎದ್ದಿತು.
ಬಂದರಿನ ಬೋರ್ಡಿನಲ್ಲಿ ಒಂದೇ ಸಾಲು: ಇವತ್ತು ಹಡಗಿಲ್ಲ.
ಮಾರನೆಯ ದಿನ ಅದೇ ಬೋರ್ಡು, ಅದೇ ಸಾಲು,
ಅಳಿಸಿ ಬರೆಯುವ ತೊಂದರೆ ಕೂಡ ತೆಗೆದುಕೊಂಡಿರಲಿಲ್ಲ.
ಮನೆಯೊಡತಿ ಎಫೀ ಬಾಗಿಲನ್ನು ಭುಜದಿಂದ ಒತ್ತಿ ಮುಚ್ಚಿ
“ಬರೋ ದಿನ ನೀವು ಗೊತ್ತು ಮಾಡ್ತೀರಿ,
ಹೋಗೋ ದಿನ ಕಡಲು” ಎಂದು
ಇನ್ನೊಂದು ಚೀಲ ಆಲೂಗಡ್ಡೆ ಇಟ್ಟುಹೋದಳು.

ಗಿಲ್ಬರ್ಟ್, ಅವನಣ್ಣ ಡುಗಲ್ಡ್.
ಅಪ್ಪನ ಹಳೇ ಕ್ಯಾರವಾನನ್ನು ಅಣ್ಣ ಕೇಳದೆ ಮಾರಿದನೆಂದು
ಆರು ವರ್ಷ ಮಾತು ಬಿಟ್ಟವರು.
ಏಲಿಯ ಹಟಕ್ಕೆ ಒಂದೇ ಮನೆ ಹಿಡಿದಿದ್ದೆವು.
ತಾತ ಪಡುವಣ ತೀರಕ್ಕೆ ನಡೆದರೆ ಚಿಕ್ಕತಾತ ಮೂಡಣಕ್ಕೆ.
ಈಗ ನಡೆಯಲು ತೀರವಿಲ್ಲ.
ಒಂದು ಒಲೆ, ನಾಲ್ಕು ಕುರ್ಚಿ, ಡಾಮಿನೋ ಪೆಟ್ಟಿಗೆ,
ಅದರಲ್ಲೂ ಒಂದು ಬಿಲ್ಲೆ ಕಾಣೆ.

ಇದೋ, ಅಂಕ ಬರೆದ ಓಟ್ಸ್ ಡಬ್ಬಿಯ ರಟ್ಟು.
ಎಡಗಡೆ ಡುಗಲ್ಡನದು, ಬಡಗಿಯ ಪೆನ್ಸಿಲ್ಲು, ದಪ್ಪ.
ಬಲಗಡೆ ನನ್ನವನದು, ಇರುವೆಸಾಲು.
ಮೂರು ದಿನ, ಅರವತ್ತೇಳು ಆಟ.
ರಾಜಿಯಾದರು ಎಂದು ಬರೆಯಲಾರೆ, ಸುಳ್ಳಾಗುತ್ತದೆ.
ಆಡಿದ ಮಾತು “ನಿನ್ನ ಸರದಿ”, “ಟೀ ಉಳಿದಿದೆಯಾ”, ಅಷ್ಟೇ.
ಆದರೆ ಇಲ್ಲಿ, ಎರಡನೇ ದಿನದ ಕೊನೆಗೆ,
ಎಡಗಡೆಯ ಸಾಲಿಗೆ ಇರುವೆ ಹರಿದಿದೆ:
ಅಣ್ಣ ಒಲೆಗೆ ಕಲ್ಲಿದ್ದಲು ಸುರಿಯಲು ಎದ್ದಾಗ
ಅವನ ಅಂಕಿಯನ್ನು ತಮ್ಮ ಬರೆದಿದ್ದಾನೆ.
ಐದು ಹೆಚ್ಚಿಗೆ ಹಾಕಿದ್ದಾನೆ.
ಕೂಡಿ ನೋಡಿದೆ, ಎರಡು ಸಲ.

ಆರನೇ ಪುಟಕ್ಕೆ ಏಲಿ ಮುಳ್ಳುತಂತಿಯಿಂದ ಬಿಡಿಸಿದ ಉಣ್ಣೆ,
ಕೋ-ಆಪ್ ಅಂಗಡಿಯ ರಸೀದಿ: ಹಾಲು, ಬ್ಯಾಟರಿ, ಮತ್ತೆ ಹಾಲು.
ಗಾಳಿ ಇಳಿದ ರಾತ್ರಿ, ಬಾಚಣಿಗೆಯ ಹಲ್ಲಿಗೆ
ಉಗುರು ಎಳೆದಂತೆ ಬೆಳಗಿನ ತನಕ ಕೂಗಿ
ಒಬ್ಬರಿಗೂ ಕಾಣದ ಹಕ್ಕಿಗೆ
ಒಂದು ಖಾಲಿ ಚೌಕ.

ಬೂಟಿನಿಂದ ಉದುರಿದ್ದನ್ನು ಟೇಪಿನ ಮೇಲೆ ಒತ್ತಿದೆ.
ಅರ್ಧ ನಿಂತಿತು, ಅರ್ಧ ಪುಟದ ಸಂದಿಗೆ ಇಳಿಯಿತು.
ಮರಳು: ಬರೆದರೆ ಒಂದೇ,
ಕಾಲಿಗೆ ಹತ್ತಿದ್ದಕ್ಕೂ
ಮನೆಗೆ ತಿರುಗುವುದಕ್ಕೂ.

ನಿನ್ನೆ ಡುಗಲ್ಡ್ ಬಂದಿದ್ದ, ಏಲಿಯನ್ನು ಕರೆದೊಯ್ಯಲು.
ಎಂದಿನಂತೆ ಹೊಸ್ತಿಲಾಚೆ,
ರಸ್ತೆಯಲ್ಲಿ ಕಾರು ಗುರುಗುಡುತ್ತಲೇ ಇತ್ತು.
ಗಿಲ್ಬರ್ಟ್ ಹಿತ್ತಲಿನ ಶೆಡ್ಡಿನಲ್ಲಿ. ನಾನು ಕರೆಯಲಿಲ್ಲ.
ಐದನೇ ಪುಟ ತೆರೆದು ಹಿಡಿದೆ.
ಕನ್ನಡಕ ಏರಿಸಿ, ಬೆರಳಿಟ್ಟು, ತುಟಿ ಅಲ್ಲಾಡಿಸುತ್ತ ಕೂಡಿದ.
“ಇದು ನನ್ನ ಬರಹ ಅಲ್ಲ.”
ಅಲ್ಲ, ಎಂದೆ.
“ಲೆಕ್ಕ ತಪ್ಪಿದೆ.”
ಹೌದು.

ಸ್ವಲ್ಪ ಹೊತ್ತು ನಿಂತ.
ಆಮೇಲೆ ರಸ್ತೆಗೆ ಹೋಗಿ
ಇಂಜಿನ್ ಆರಿಸಿ ಬಂದ.